ಭಾನುವಾರದ ಹುಟ್ಟುಹಬ್ಬ

ನಾನು ಬಾಗಿಲು ತಟ್ಟಿದ ಕೂಡಲೇ ಒಳಗಿನ ಯೇಸುವಿನ ಹಾಡು ನಿಂತು, ಚಪ್ಪಾಳೆಯೊಂದಿಗೆ ‘ಹ್ಯಾಪಿ ಬರ್ತ್‌ಡೇ’ ಶುರುವಾಯಿತು.

ಗುಂಡ್ಲುಪೇಟೆಯ ನಮ್ಮ ಎದುರುಮನೆಗೆ ಬಾಡಿಗೆಗೆ ಬಂದಿರುವ ಶಾಂತಮ್ಮ ಕ್ರಿಸ್‌ಮಸ್‌ಗೆ ಕಜ್ಜಾಯ ಕಳಿಸಿದ್ದರು. ಡಬ್ಬಿ ಖಾಲಿ ಕೊಡಬಾರದೆಂದು ಅಮ್ಮ ಅದರಲ್ಲಿ ಅವರೆಕಾಳಿನ ಉಪ್ಪಿಟ್ಟು ತುಂಬಿ ನನ್ನನ್ನು ಕಳಿಸಿದ್ದರು.

ಬಾಗಿಲು ತೆರೆದಾಗ ಏಳೆಂಟು ಮಂದಿ ಬೇಕರಿ ಕೇಕಿನ ಸುತ್ತ ಕುಳಿತಿದ್ದರು. ಹೆಂಗಸರ ತಲೆಯ ಮೇಲೆ ಇನ್ನೂ ಸೆರಗಿತ್ತು. ಒಬ್ಬರು ಬೈಬಲನ್ನು ಜಮಖಾನದಡಿ ಸರಿಸುತ್ತಿದ್ದರು.

“ಯಾರ ಬರ್ತ್‌ಡೇ?” ಎಂದೆ. ಡಬ್ಬಿಯನ್ನು ಶಾಂತಮ್ಮನ ಕೈಗೆ ಕೊಟ್ಟೆ.

“ನಂದೇ ಕಣಮ್ಮಿ,” ಎಂದರು ಮೂಲೆಯಲ್ಲಿದ್ದ ಅಜ್ಜಿ. “ಭಾನ್ವಾರ ಬಂದ್ರೆ ಸಾಕು, ನಾನು ಉಟ್ಬುಡ್ತೀನಿ.”

ಎಲ್ಲರೂ ನಕ್ಕರು. ಶಾಂತಮ್ಮ ಮಾತ್ರ ನಗಲಿಲ್ಲ. ನನ್ನನ್ನು ಹೊರಗೆ ಕರೆದು ತಗ್ಗಿದ ದನಿಯಲ್ಲಿ, “ಯಾರ್ಗೂ ಏಳ್ಬೇಡ ಕಣಮ್ಮಿ. ಮುಂಚೆ ಇದ್ದ ಬೀದೀಲಿ, ಪ್ರಾರ್ಥನೆ ಮಾಡ್ತಾರೆ ಅಂತ ಗಲಾಟೆ ಮಾಡಿ ಮನೆ ಖಾಲಿ ಮಾಡಿಸ್ಬುಟ್ರು. ಇದೂ ಓದ್ರೆ ಎಲ್ಗೆ ಓಗನ?” ಎಂದರು.

ಹೇಳುವುದಿಲ್ಲ ಎಂದೆ. ‘ನೀವು ಹಾಡಿ’ ಎನ್ನಬೇಕಿತ್ತೆಂದು ಹೊಳೆದದ್ದು ಮನೆಗೆ ಬಂದ ಮೇಲೆ.

ಮುಂದಿನ ಭಾನುವಾರದಿಂದ ಆ ಮನೆಯಲ್ಲಿ ಹಾಡೂ ಇಲ್ಲ, ಹುಟ್ಟುಹಬ್ಬವೂ ಇಲ್ಲ. ಎದುರು ಸಿಕ್ಕರೆ ಶಾಂತಮ್ಮ ಮೊದಲಿನಂತೆಯೇ ಮಾತಾಡಿಸುತ್ತಾರೆ. ನಮ್ಮ ಮನೆಯ ಪೂಜೆಯ ಗಂಟೆ ದಿನವೂ ಬೀದಿಯ ಕೊನೆಯವರೆಗೆ ಕೇಳುತ್ತದೆ. ಅದು ಯಾಕೆಂದು ನಮ್ಮನ್ನು ಈವರೆಗೆ ಯಾರೂ ಕೇಳಿಲ್ಲ.