ಲಾಡ್ಲೇಸಾಬರ ಫುಲ್‌ಸ್ಟಾಪು

ಪತ್ರದಲ್ಲಿ ಸಹಿಯ ಕೆಳಗಿದ್ದ ಆ ಎರಡು ಸಾಲು ಅನುರಾಧಾಳ ಬೆನ್ನು ಬಿಡಲೊಲ್ಲವು. ಶನಿವಾರ ಮುಂಜಾನೆಯಿಂದ ಅವಳು ಮಗಳ ಹಣೆ ಮುಟ್ಟಿ ನೋಡಿದ್ದು ಎಷ್ಟು ಸಲವೋ. ನಿನ್ನೆ ಚುಚ್ಚುಮದ್ದು ಹಾಕಿಸಿದ್ದಕ್ಕೆ ಮೈ ಬೆಚ್ಚಗಾಗಿತ್ತು, ಅಷ್ಟೇ. ನರ್ಸಮ್ಮ ಮೊದಲೇ ಹೇಳಿದ್ದಳು. ಥರ್ಮಾಮೀಟರು ನೂರನ್ನೂ ಮುಟ್ಟಿರಲಿಲ್ಲ. ಆದರೂ ಹಣೆಯ ಮೇಲೆ ಕೈಯಿಟ್ಟಾಗಲೆಲ್ಲ ಅವಳ ಕಣ್ಣಿಗೆ ಕಟ್ಟುತ್ತಿದ್ದುದು ದೋರನಹಳ್ಳಿಯ ಭಾಗ್ಯಳ ಮುಖ. ಭಾಗ್ಯಳಿಗೆ ಒಂಬತ್ತು ವರ್ಷ, ಕಿವಿ ಕೇಳದು, ಮಾತು ಬಾರದು. ಜ್ವರ ಏರಿದರೆ ಫಿಟ್ಸ್ ಬರುತ್ತದೆ. ಸೋಮವಾರ ಅವಳನ್ನು ಸೇರಿಸಿಕೊಳ್ಳಲಿರುವ ಹೈದರಾಬಾದಿನ ವಸತಿ ಶಾಲೆಗೆ ಈ ಕೊನೆಯ ಸಂಗತಿ ಗೊತ್ತಿಲ್ಲ. ಗೊತ್ತಾಗದಂತೆ ಮಾಡಿದವಳು ಅನುರಾಧಾಳೇ.

"ಮತ್ತ ಮುಟ್ಟಿದೇನ?" ಅಂಗಡಿಯ ಬೀಗದ ಕೈ ಹುಡುಕುತ್ತಿದ್ದ ಗಂಡ ಶ್ರೀಮಂತ ನಕ್ಕ. "ಹಿಂಗ ತಿಕ್ಕಿದ್ರ ಕೂಸಿನ ಹಣಿ ಸವದು ಹೋಗ್ತದ ನೋಡು."

ಅವಳಿಗೆ ನಗು ಬರಲಿಲ್ಲ.

ಶಹಾಪುರದ ಬಸ್ ನಿಲ್ದಾಣದ ಎದುರಿಗೆ ಅವರದೊಂದು ಜೆರಾಕ್ಸ್ ಅಂಗಡಿ. ಆನ್‌ಲೈನ್ ಅರ್ಜಿಗಳು ಶ್ರೀಮಂತನ ಪಾಲು, ಇಂಗ್ಲಿಷ್ ಪತ್ರಗಳು ಅನುರಾಧಾಳ ಪಾಲು. ಅವಳು ಓದಿದ್ದು ಕಲಬುರಗಿಯ ಇಂಗ್ಲಿಷ್ ಶಾಲೆಯಲ್ಲಿ, ಒಂದು ಕಾಮಾ ತಪ್ಪಿದರೆ ಅರ್ಧ ಅಂಕ ಕಳೆಯುತ್ತಿದ್ದ ಟೀಚರ ಕೈಯಲ್ಲಿ. ಔಪಚಾರಿಕ ಪತ್ರವೆಂದರೆ ಒಂದೇ ಪುಟ, ಒಂದು ಪ್ಯಾರಾದಲ್ಲಿ ಒಂದೇ ವಿಷಯ, ಗೋಳು ಬೇಡ, ಸಹಿಯ ಕೆಳಗೆ ಏನೂ ಇರಕೂಡದು. ಇವೆಲ್ಲ ಅವಳಿಗೆ ಮಗ್ಗಿಯಂತೆ ಬಾಯಿಗೆ ಬಂದಿದ್ದವು. ಯಾರದಾದರೂ ಪತ್ರ ಕೈಗೆ ಬಂದರೆ ತಿದ್ದದೆ ಬಿಡಲು ಆಗುತ್ತಿರಲಿಲ್ಲ. ಅಕ್ಕಿಯಲ್ಲಿ ಕಲ್ಲು ಕಂಡವರು ಸುಮ್ಮನೆ ಒಲೆಗೆ ಇಡುತ್ತಾರೆಯೇ?

ಅವಳ ಕಣ್ಣಿಗೆ ಕಲ್ಲೇ ಹೆಚ್ಚು ಕಾಣುತ್ತಿದ್ದುದು ಲಾಡ್ಲೇಸಾಬರ ಪತ್ರಗಳಲ್ಲಿ.

ಲಾಡ್ಲೇಸಾಬರು ಸುರಪುರದ ರಂಗಂಪೇಟೆಯವರು. ತಂದೆ ಬಳೆಯ ಮಲಾರ ಹೊತ್ತು ಕಕ್ಕೇರಾದ ತನಕ ತಿರುಗುತ್ತಿದ್ದವರು. ಇವರು ಟೈಪಿಂಗ್ ಕಲಿತು ಸೀನಿಯರ್ ಪರೀಕ್ಷೆ ಪಾಸಾದರು. ಊರಿನ ವಕೀಲರೊಬ್ಬರ ಕೈಕೆಳಗೆ ಹನ್ನೊಂದು ವರ್ಷ ದುಡಿದರು. ವಕೀಲರು ಕಣ್ಣು ಮುಚ್ಚಿದ ಮೇಲೆ ಅವರ ಮನೆಯವರು ಆ ಹಳೇ ಟೈಪ್‌ರೈಟರನ್ನು ಲಾಡ್ಲೇಸಾಬರಿಗೇ ಕೊಟ್ಟರು. ಅಂದಿನಿಂದ ಶಹಾಪುರದ ತಾಲ್ಲೂಕು ಕಚೇರಿಯ ಎದುರಿನ ಬೇವಿನ ಗಿಡದ ಕೆಳಗೆ ಅವರ ಮೇಜು. ಈಗ ಅರವತ್ತಾರು ವರ್ಷ. ದಿನಾ ಬೆಳಗಿನ ಬಸ್ಸಿಗೆ ಬರುತ್ತಾರೆ. ಹೆಂಡತಿ ಶರೀಫಾಬೀ ಕಟ್ಟಿಕೊಟ್ಟ ರೊಟ್ಟಿಯ ಗಂಟು ಮೇಜಿನ ಕಾಲಿಗೆ ನೇತಾಡುತ್ತದೆ.

ಅವರು ಕೆಲಸ ಮಾಡುವ ರೀತಿಯೇ ಬೇರೆ. ಬಂದವರು ಹೇಳಿದ್ದನ್ನು ಒಂದು ವಾಕ್ಯ ಇಂಗ್ಲಿಷಿನಲ್ಲಿ ಬಡಿಯುತ್ತಾರೆ. ಆಮೇಲೆ ಕೈ ಮೇಲೆತ್ತಿ, ಅದನ್ನೇ ಕನ್ನಡದಲ್ಲೋ ಉರ್ದುವಿನಲ್ಲೋ ಓದಿ ಹೇಳುತ್ತಾರೆ. ಕೇಳಿದವರು "ಹೂಂ" ಅನ್ನಬೇಕು. ಅಂದ ಮೇಲೆಯೇ ಬೆರಳು ಇಳಿದು ಫುಲ್‌ಸ್ಟಾಪು ಒತ್ತುತ್ತದೆ. "ಹೂಂ" ಬರದಿದ್ದರೆ ಆ ಸಾಲಿನ ಮೇಲೆಲ್ಲ ಎಕ್ಸ್ ಬಡಿದು ಮತ್ತೆ ಮೊದಲಿನಿಂದ. ಒಂದು ಅರ್ಜಿಗೆ ಅರ್ಧ ಹೊತ್ತು ಹೋಗುತ್ತಿತ್ತು. ಹೊಸದಾಗಿ ಮದುವೆಯಾಗಿ ಬಂದಾಗ ಇದನ್ನು ನೋಡಿ ಅನುರಾಧಾ ನಕ್ಕಿದ್ದಳು. "ಫುಲ್‌ಸ್ಟಾಪಿಗೂ ಪಬ್ಲಿಕ್ ಪರ್ಮಿಷನ್ ಬೇಕೇನ್ರಿ ಚಾಚಾ?" ಎಂದಿದ್ದಳು. "ಹೌದು ಬೇಟಿ. ಮಾತು ಅವರದು, ಅಂದ ಮ್ಯಾಲ ನಿಲ್ಲಸೋದೂ ಅವರದೇ," ಎಂದಿದ್ದರು ಅವರು, ತಲೆಯೆತ್ತದೆ.

ಹೋದ ಮಂಗಳವಾರ ಯಂಕಮ್ಮ ಅಂಗಡಿಗೆ ಬಂದಳು. ದೋರನಹಳ್ಳಿಯ ಶಾಲೆಯಲ್ಲಿ ಬಿಸಿಯೂಟ ಮಾಡುವವಳು, ಭಾಗ್ಯಳ ತಾಯಿ. ಅವಳ ಕೈಯಲ್ಲಿ ಲಾಡ್ಲೇಸಾಬರು ಬಡಿದ ಒಂದೂವರೆ ಪುಟದ ಪತ್ರವಿತ್ತು.

"ಇದನ್ನ ಕಂಪ್ಯೂಟರ್‌ನಾಗ ಹಾಕಿ ಕಳಸ್ಬೇಕಂತ್ರಿ ಅಕ್ಕಾರ. ಹೈದ್ರಾಬಾದ್ ಸಾಲಿಯವರು ಇಂಗ್ಲಿಷ್‌ನಾಗೇ ಕೇಳ್ಯಾರ."

ಮೂರು ಕಡೆ 'ಮಾನ್ಯರೇ', ಎಲ್ಲೆಂದರಲ್ಲಿ ಕಾಮಾ, ಮಗಳ ಹೆಸರೆಲ್ಲ ದೊಡ್ಡ ಅಕ್ಷರದಲ್ಲಿ. ಹುಡುಗಿಗೆ ಬೆಲ್ಲ ಹಚ್ಚಿದ ರೊಟ್ಟಿ ಇಷ್ಟ ಎಂಬುದೂ ಇತ್ತು. ಸಹಿ ಮುಗಿದ ಮೇಲೆ ಯಂಕಮ್ಮನಿಗೆ ನೆನಪಾಗಿರಬೇಕು. ಕೆಳಗೆ ಮತ್ತೆರಡು ಸಾಲು: ಜ್ವರ ಬಂದರೆ ಇವಳಿಗೆ ಫಿಟ್ಸ್ ಬರುತ್ತದೆ. ಇವಳು ಹೇಳಲಾರಳು, ನೀವೇ ಮೈ ಮುಟ್ಟಿ ನೋಡಬೇಕು.

ಅನುರಾಧಾ ಎಲ್ಲವನ್ನೂ ಹೊಸದಾಗಿ ಬರೆದಳು. ನಾಲ್ಕು ಪ್ಯಾರಾ, ಒಂದೇ ಪುಟ. ಬೆಲ್ಲ ಹೋಯಿತು. ಸಹಿಯ ಕೆಳಗಿನ ಸಾಲುಗಳ ಮೇಲೆ ಅವಳ ಕಣ್ಣು ಒಂದು ಗಳಿಗೆ ನಿಂತಿತು. ಆಮೇಲೆ ಅವೂ ಹೋದವು. ಶಾಲೆಯ ಫಾರಂ ಬರೀ ಹೆಸರು, ವಯಸ್ಸು, ವಿಳಾಸ ಕೇಳುತ್ತಿತ್ತು. ಉಳಿದದ್ದನ್ನೆಲ್ಲ ಹೇಳಬೇಕಾದದ್ದು ಪತ್ರವೇ.

"ಆತೇನ್ರಿ?" ಎಂದು ಕೇಳಿದಳು ಯಂಕಮ್ಮ.

"ಆಯ್ತು. ಚೆನ್ನಾಗಿ ಬಂದಿದೆ," ಎಂದು ಅನುರಾಧಾ ಕಳಿಸುವ ಗುಂಡಿ ಒತ್ತಿದಳು.

ಗುರುವಾರ ಉತ್ತರ ಬಂತು. ಸೀಟು ಸಿಕ್ಕಿದೆ, ಸೋಮವಾರ ಕರೆತನ್ನಿ. ಜೊತೆಗೆ ಪತ್ರ ಬಹಳ ಅಚ್ಚುಕಟ್ಟಾಗಿದೆ ಎಂಬ ಹೊಗಳಿಕೆ. ಯಂಕಮ್ಮ ಅಂಗಡಿಗೆ ಓಡಿ ಬಂದು ಎಲ್ಲರ ಬಾಯಿಗೂ ಸಕ್ಕರೆ ಹಾಕಿದಳು. "ನಿಮ್ಮ ಕೈಗುಣಾ ರೀ ಅಕ್ಕಾರ," ಎಂದಳು. ಆ ಸಕ್ಕರೆ ಇನ್ನೂ ಅನುರಾಧಾಳ ಗಂಟಲಲ್ಲಿ ಕರಗಿರಲಿಲ್ಲ.

ಶನಿವಾರ ಹನ್ನೊಂದರ ಹೊತ್ತಿಗೆ ಮಗಳನ್ನು ಸೊಂಟಕ್ಕೆ ಏರಿಸಿಕೊಂಡು, ಎರಡೂ ಪತ್ರ ಕೈಯಲ್ಲಿ ಹಿಡಿದು, ಅವಳು ಬೇವಿನ ಗಿಡದ ಕೆಳಗೆ ಬಂದು ನಿಂತಳು.

"ಬರ್ರಿ ಮೇಡಂ, ಬರ್ರಿ," ಎಂದರು ಲಾಡ್ಲೇಸಾಬರು. "ಇವತ್ತ ಇಂಗ್ಲಿಷ್ ತಾನೇ ನಡಕೋತ ಬಂದದಲ್ಲ ನಮ್ಮ ಕಡಿ!"

ಅವಳು ತನ್ನ ಪತ್ರ ಕೊಟ್ಟಳು. ಅವರು ಕನ್ನಡಕವನ್ನು ಅಂಗಿಯ ಚುಂಗಿಗೆ ಒರೆಸಿ ಓದಿದರು.

"ಚಲೋ ಅದ. ಕಾಮಾ ಎಲ್ಲಾ ಪೊಲೀಸ್ ಪರೇಡ್‌ದಂಗ ಸೀದಾ ನಿಂತಾವ." ಹಾಳೆಯನ್ನು ತಿರುಗಿಸಿ ಹಿಂಭಾಗ ನೋಡಿದರು. "ಕೆಳಗಿಂದು ಎಲ್ಲಿ?"

"ಸಹಿ ಆದ ಮೇಲೆ ಏನೂ ಬರೀಬಾರದಲ್ಲ ಚಾಚಾ. ಅದು ನಿಯಮ."

"ಹೌದು, ನನಗೂ ಹಂಗೇ ಕಲಸ್ಯಾರ. ಕೆಳಗ ಬರೀಬಾರದು ಅಂದ್ರ ಮ್ಯಾಲ ಬರೀಬೇಕಿತ್ತು. ಯಾಕ ಬರೀಲಿಲ್ಲ?"

ಮಗು ಅವಳ ತಾಳಿಯನ್ನು ಬಾಯಿಗೆ ಹಾಕಿಕೊಂಡಿತ್ತು. ಬಿಡಿಸುವ ನೆಪದಲ್ಲಿ ಅನುರಾಧಾ ತಲೆ ತಗ್ಗಿಸಿದಳು. ನಾಲ್ಕು ದಿನದಿಂದ ತನಗೆ ತಾನೇ ಹೇಳಿಕೊಂಡ ನಿಯಮ ಈ ಮುದುಕರ ಮುಂದೆ ನಿಲ್ಲಲಿಲ್ಲ.

"ಫಿಟ್ಸ್ ಅಂತ ಓದಿದರೆ ಸೀಟು ಕೊಡೋದಿಲ್ಲ ಅನಿಸ್ತು."

"ಯಂಕಮ್ಮಗ ಕೇಳಿದ್ದೇನು?"

"ಇಲ್ಲ."

ಅವರು ಬಯ್ಯಲಿಲ್ಲ. ಬಯ್ದಿದ್ದರೆ ಅವಳಿಗೆ ಹಗುರವಾಗುತ್ತಿತ್ತು. ಟೈಪ್‌ರೈಟರಿನ ಮೇಲೆ ಉದುರಿದ ಬೇವಿನ ಎಲೆಯನ್ನು ಊದಿ ಹಾರಿಸಿದರು.

"ಕೊಂಕಲ್ ಊರಾಗ ಚಂದ್ರಾಮಪ್ಪ ಅಂತ ಒಬ್ಬ ಕುಂಟ ಇದ್ದ," ಎಂದರು. "ನನಗ ಆಗ ಹೊಸಾ ಹುರುಪು. ಅಂವ ಪಿಂಚಣಿಗಿ ಅರ್ಜಿ ಬರಸಾಕ ಬಂದ. ನಾ ಬುಕ್‌ನಾಗ ಇದ್ದಂಗ ಚಂದ ಕಾಣಲಿ ಅಂತ, 'ಈ ಲೋಕದೊಳಗ ನನಗ ಯಾರೂ ಇಲ್ಲ' ಅಂತ ಒಂದು ಸಾಲು ನಾನೇ ಸೇರಿಸ್ದೆ. ಓದಿ ಹೇಳಲಿಲ್ಲ. ಸಾಹೇಬ್ರು ಊರಿಗೇ ಚೌಕಶಿಗಿ ಬಂದು, ಮಂದಿ ಮುಂದ ಕನ್ನಡದಾಗ ಓದಿದ್ರು. ಬಾಜೂಕ ಅವನ ತಮ್ಮ ನಿಂತಿದ್ದ. ಹದಿನಾಲ್ಕು ವರ್ಷ ಅಣ್ಣನ್ನ ಬೆನ್ನ ಮ್ಯಾಲ ಹೊತ್ತು ತಿರುಗಿದ ತಮ್ಮ. ಅಂವ ಏನೂ ಅನಲಿಲ್ಲ ಬೇಟಿ. ಟವೆಲ್ ಝಾಡಿಸಿ ಹೆಗಲಿಗಿ ಹಾಕ್ಕೊಂಡ, ಹೋದ. ಮತ್ತ ಆ ಮನಿಗಿ ಕಾಲಿಡಲಿಲ್ಲ."

"ಪಿಂಚಣಿ?"

"ಬಂತಲ್ಲ. ಇಂಗ್ಲಿಷ್ ಚಲೋ ಇತ್ತು."

ಅನುರಾಧಾ ಮಗುವನ್ನು ಇನ್ನೊಂದು ಸೊಂಟಕ್ಕೆ ಬದಲಿಸಿದಳು. "ನೀವೇ ಒಂದು ಫೋನ್ ಮಾಡ್ರಿ ಚಾಚಾ. ನಿಮ್ಮ ಮಾತು ಅವಳು ಕೇಳ್ತಾಳೆ."

"ಕಾಗದ ನಿಂದು," ಎಂದರು ಅವರು. ಅಷ್ಟರಲ್ಲಿ ಬೆಂಚಿನ ಮೇಲೆ ಇನ್ನಾರೋ ಬಂದು ಕುಳಿತಿದ್ದರು. ಲಾಡ್ಲೇಸಾಬರು ಹೊಸ ಹಾಳೆ ಸುತ್ತಿದರು.

ಅಂಗಡಿಗೆ ಬಂದವಳು ಮೊಬೈಲ್ ತೆಗೆದಳು, ಇಟ್ಟಳು. ಮಗಳಿಗೆ ನೀರು ಕುಡಿಸಿದಳು. ಯಂಕಮ್ಮ ಈಗ ಮಗಳ ಬಟ್ಟೆ ಮಡಚುತ್ತಿರಬಹುದು, ನೆರೆಯವರೆಲ್ಲ ಬಂದು ನೋಡುತ್ತಿರಬಹುದು. ಮೂರು ವರ್ಷ ಅಲೆದು ಸಿಕ್ಕ ಸೀಟು. ಹೋಗಿಬಿಟ್ಟರೆ? ಹೇಳದೆ ಕಳಿಸಿ, ಅಲ್ಲಿ ಒಂದು ರಾತ್ರಿ ಆ ಹುಡುಗಿಯ ಮೈ ಕಾದರೆ? ಅವಳ ಕೈ ತಾನಾಗಿಯೇ ಮಗಳ ಹಣೆಗೆ ಹೋಯಿತು. ತಣ್ಣಗಿತ್ತು. ಜ್ವರ ಇಳಿದಿತ್ತು.

ನಂಬರು ಒತ್ತಿದಳು.

"ಹೇಳ್ರಿ ಅಕ್ಕಾರ! ಪೆಟಗಿ ತುಂಬಾಕತ್ತೇನಿ," ಯಂಕಮ್ಮನ ದನಿ ಉಬ್ಬಿಬಂದಿತ್ತು.

"ಯಂಕಮ್ಮ, ಸ್ವಲ್ಪ ಕುಂದರು. ನಾ ಕಳಿಸಿದ ಕಾಗದ ನಿನಗೆ ಓದಿ ಹೇಳಿರಲಿಲ್ಲ. ಭಾಗ್ಯಗೆ ಜ್ವರ ಬಂದ್ರೆ ಫಿಟ್ಸ್ ಬರೋದನ್ನ ನಾ ಅದರಲ್ಲಿ ಬರೆದಿಲ್ಲ. ಮರೆತಿದ್ದಲ್ಲ, ಬೇಕಂತ ಬಿಟ್ಟೆ. ಸೀಟು ತಪ್ಪೀತು ಅಂತ. ತಪ್ಪು ನಂದು."

ಆ ಕಡೆ ಪಾತ್ರೆ ಇಟ್ಟ ಸದ್ದು.

"ಸಾಬ್ರು ಬರದಿದ್ರಲ್ರಿ. ನಾ ಹೂಂ ಅಂದಿದ್ದೆ."

"ಹೌದು."

"ಅಲ್ರಿ, ಅಕಿ ಬಾಯಿಲಿಂದ ಹೇಳಾಂಗಿಲ್ಲ. ನೀವೂ ಹೇಳಲಿಲ್ಲ ಅಂದ್ರ..." ಮಾತು ಅಲ್ಲಿಗೇ ನಿಂತಿತು. "ಈಗ ಬರದ್ರ ಸೀಟ್ ಹೋಗ್ತದೇನ್ರಿ?"

"ಹೋಗಬಹುದು. ಗೊತ್ತಿಲ್ಲ. ನೀನು ಹೇಳಿದಂಗೆ ಮಾಡ್ತೀನಿ."

ಪೆಟ್ಟಿಗೆಯ ಚಿಲಕ ಒಮ್ಮೆ ಹಾಕಿ ತೆಗೆದದ್ದು ಕೇಳಿಸಿತು.

"ಬರೀರಿ," ಎಂದಳು ಯಂಕಮ್ಮ. "ಇವತ್ತೇ ಬರೀರಿ. ಕೆಳಗ ಬ್ಯಾಡ, ಮ್ಯಾಲ. ಎಲ್ಲಾಕಿಂತ ಮೊದಲ. ಬರದು, ನನಗ ಓದಿ ಹೇಳ್ರಿ."

ಅನುರಾಧಾ ಫೋನನ್ನು ಹೆಗಲಿಗೆ ಒತ್ತಿ ಹಿಡಿದು ಕೀಲಿಮಣೆ ಎಳೆದುಕೊಂಡಳು. ಮಾನ್ಯರೇ ಎಂದು ಆರಂಭಿಸಿ ಒಂದು ವಾಕ್ಯ ಬರೆದಳು. ಬೆರಳು ಚುಕ್ಕಿಯ ಕೀಲಿಯ ಮೇಲೆ ಬಂದು ನಿಂತಿತು.

"ನನ್ನ ಮಗಳಿಗೆ ಜ್ವರ ಬಂದ್ರೆ ಫಿಟ್ಸ್ ಬರ್ತದೆ," ಎಂದು ಓದಿ ಹೇಳಿ, ಕಾದಳು.