ಸರ್ದಾರನ ಎಡಗಣ್ಣು

ಶಹಾಬಾದಿನ ಪರಸಿ ಹಾಸುಗಲ್ಲಿನ ಯಾರ್ಡಿನಲ್ಲಿ ಕಲ್ಲಿನ ಅಂಚು ಕೆತ್ತುವ ಸರ್ದಾರ ನೆಲದಿಂದ ಏಳುವುದನ್ನು ನೋಡಬೇಕು. ಮೊದಲು ಮೊಣಕಾಲು ಹಿಡಿಯುತ್ತಾನೆ, ಆಮೇಲೆ ತೊಡೆ, ಆಮೇಲೆ ಸೊಂಟ. ತನ್ನ ಮೈಯನ್ನೇ ಏಣಿ ಮಾಡಿಕೊಂಡು ತಾನೇ ಹತ್ತುತ್ತಾನೆ. ಪಕ್ಕದ ಮನೆಯ ನಾನೂ ಏಳಲು ಹೀಗೇ ಒದ್ದಾಡುತ್ತೇನೆ. ನನ್ನದು ಹೊಟ್ಟೆಯ ಭಾರ. ಅವನದು ಸ್ನಾಯು ಸವೆಯುವ ಕಾಯಿಲೆ, ಮಸ್ಕ್ಯುಲರ್ ಡಿಸ್ಟ್ರೊಫಿ.

"ಕಾಲು ಹೋದ್ರ ಹೋಗ್ಲಿ ಭಾಯ್, ಕಣ್ಣಿದ್ರ ಕುಂತಲ್ಲೇ ಉಳಿ ಹಿಡೀತೀನಿ," ಎನ್ನುತ್ತಿದ್ದ.

ಯಾವ ಸ್ನಾಯು ಎಷ್ಟು ಉಳಿದಿದೆ ಎಂದು ನೋಡಲು ಡಾಕ್ಟರು ಎಂಆರ್‌ಐ ಬರೆದರು. ಸರ್ದಾರ, ಹೆಂಡತಿ ಫರಹತ, ಧೈರ್ಯ ಹೇಳಲು ನಾನು ಕಲಬುರಗಿಗೆ ಹೋದೆವು. ಸೂಜಿ ಕಂಡರೆ ಬೆವರುವವನು ನಾನೇ ಎಂಬುದು ಬೇರೆ ಮಾತು.

"ಒಳಗ ಭಾಳ ದೊಡ್ಡ ಆಯಸ್ಕಾಂತ ಅದ. ಮೈಯಾಗ ಲೋಹ ಏನರ ಅದೇನ್ರಿ?" ಸ್ಕ್ಯಾನ್ ಮಾಡುವ ಸುಮಂಗಲಾ ಕೇಳಿದಳು.

"ಮಾಂಸನೇ ಉಳದಿಲ್ಲ, ಲೋಹ ಎಲ್ಲಿಂದ ಬರ್ತದ್ರಿ?" ಎಂದೆ ನಾನು. ಆಕೆ ನಗಲಿಲ್ಲ.

"ಕಣ್ಣಾಗ ಕಬ್ಬಿಣದ ಚೂರು ಬಿದ್ದಿತ್ತೇನು?"

"ಕಲ್ಲು ಬಿದ್ದಾವ್ರಿ, ಕಬ್ಬಿಣ ಇಲ್ಲ," ಎಂದ ಸರ್ದಾರ. ಬಟ್ಟೆ ಬದಲಿಸಲು ಒಳಗೆ ಹೋದ.

ಹೊರಗೆ ಫರಹತ ದುಪಟ್ಟಾದ ಅಂಚು ಹಿಂಡತೊಡಗಿದಳು. "ಭಾಯ್, ಹೋದ ವರ್ಷ ಉಳಿ ತಲಿ ಸಿಡದು ಚೂರು ಎಡಗಣ್ಣಿಗಿ ಬಡದಿತ್ತು. ಇವರ ಜೋಡಿ ಕೆಲಸ ಮಾಡೊ ಅಸದ, ಬಟ್ಟಿ ತುದೀಲೆ ಒರಸಿ, ಕಲ್ಲು ಹೋತು ಅಂದ. ಇನ್ನೂ ನೀರು ಸುರೀತದ."

ಯಾರ್ಡಿನಲ್ಲಿ ಕಣ್ಣಿಗೆ ಬಿದ್ದದ್ದೆಲ್ಲ ಕಲ್ಲೇ. ಉಳಿ ಉಕ್ಕಿನದೆಂದು ಯಾರೂ ಯೋಚಿಸಿರಲಿಲ್ಲ. ಆ ಚೂರು ಒಳಗೇ ಇದ್ದು, ಆಯಸ್ಕಾಂತ ಅದನ್ನು ಎಳೆದರೆ?

ಓಡುವುದು ನನ್ನ ಸ್ವಭಾವವಲ್ಲ, ಓಡಿದೆ.

"ನಿಲ್ಲಸ್ರಿ! ಅವನ ಕಣ್ಣಾಗ ಉಕ್ಕು ಅದ!"

"ನೀವೂ ನಿಲ್ರಿ! ಬೆಲ್ಟು, ಕೀಲಿ!" ಸುಮಂಗಲಾ ಎರಡೂ ಕೈ ಚಾಚಿ ತಡೆದಳು. ಆಕೆಯ ಹಿಂದೆ, ಬಟ್ಟೆ ಬದಲಿಸುವ ಕೋಣೆಯಲ್ಲಿ, ಸರ್ದಾರ ಅಂಗಿಯೊಳಗೆ ತಲೆ ಸಿಕ್ಕಿಸಿಕೊಂಡು ನಿಂತಿದ್ದ. ತೋಳು ಮೇಲೆತ್ತಲಾಗದು, ಸಹಾಯ ಬೇಡವೆಂದಿದ್ದನಂತೆ. ಆಯಸ್ಕಾಂತದ ಕೋಣೆಗೆ ಇನ್ನೂ ಕಾಲಿಟ್ಟಿರಲಿಲ್ಲ.

ಎಕ್ಸರೇಯಲ್ಲಿ ಎಡಗಣ್ಣಿನ ಗುಡ್ಡೆಯೊಳಗೆ ಸಾಸಿವೆಗಿಂತ ಚಿಕ್ಕ ಬಿಳಿ ಚುಕ್ಕೆ ಕಂಡಿತು. ಎಂಆರ್‌ಐ ರದ್ದಾಯಿತು. ಮೊದಲು ಕಣ್ಣಿನ ಡಾಕ್ಟರಿಗೆ ತೋರಿಸಿ, ಆಮೇಲೆ ತೊಡೆಯ ಸ್ನಾಯುವನ್ನು ಅಲ್ಟ್ರಾಸೌಂಡಿನಲ್ಲಿ ನೋಡೋಣ ಎಂದರು ಅಲ್ಲಿನ ಡಾಕ್ಟರು.

ಫರಹತ ಗಂಡನ ಅಂಗಿಯ ಗುಂಡಿ ಹಾಕುತ್ತ ಅಳುತ್ತಿದ್ದಳು. "ಅಂಗಿ ಬಿಚ್ಚಾಕ ಎಷ್ಟೊತ್ತು ಮಾಡ್ತೀರಿ ಅಂತ ದಿನಾ ಬೈತಿದ್ದೆ. ಇನ್ನ ಬೈಯಂಗಿಲ್ಲ."

"ನಾಳಿ ಮುಂಜಾನೆ ಮತ್ತ ಬೈತಿ ಬಿಡು," ಎಂದ ಸರ್ದಾರ, ಎಡಗಣ್ಣು ಒರೆಸಿಕೊಳ್ಳುತ್ತ.