ಟೇಪು ಗಟ್ಟಿ ಐತೆ

ಒಬ್ಬ ಸಿನಿಮಾ ಗಾಯಕನ ಹಾಡು ನೂರು ವರ್ಷ ಉಳಿಯುತ್ತದೆಂದು ಆಗ ಎಲ್ಲರೂ ನಂಬಿದ್ದರು. ಮುಂದೆ ಯಾವ ಗಾಯಕರನ್ನು ಜನ ನೆನೆಯುತ್ತಾರೆ ಎಂದು ಪತ್ರಿಕೆಗೆ ಬರೆಯಬೇಕಿದ್ದ ನಾನು ಸಾತನೂರಿನ ಕ್ಯಾಸೆಟ್ ಅಂಗಡಿಯಲ್ಲಿ ವಿಚಾರಿಸಿದೆ.

"ಇವ್ರನ್ನೇ ಸಾರ್. ಬೇರೆ ಯಾರ್ದೂ ಇಷ್ಟು ಹೋಗಲ್ಲ" ಎಂದ ಅಂಗಡಿಯವನು, ಆ ಗಾಯಕನ ಕ್ಯಾಸೆಟ್ ತೋರಿಸುತ್ತಾ. ಬರೆದುಕೊಂಡೆ.

ಅಷ್ಟರಲ್ಲಿ ಹಾರೋಹಳ್ಳಿ ಫ್ಯಾಕ್ಟರಿಯ ನೀಲಿ ಕೋಟು ತೊಟ್ಟ ಹೆಂಗಸೊಬ್ಬಳು ಬಂದು ಅದೇ ಗಾಯಕನ ಕ್ಯಾಸೆಟ್ ಕೊಂಡಳು. ಇವರ ಹಾಡು ಅಷ್ಟು ಇಷ್ಟವೇ ಎಂದು ಕೇಳಿದೆ.

"ಹಾಡು ಯಾರಿಗ್ ಬೇಕಪ್ಪ? ಟೇಪು ಗಟ್ಟಿ ಐತೆ. ಖಾಲಿ ಕ್ಯಾಸೆಟ್ಟು ವರ್ಸಕ್ಕೇ ಗೊರಗೊರ ಅಂತದೆ. ಸೋಮವಾರ ನಮ್ಮತ್ತೆಗೆ ಗಂಟ್ಲು ಆಪ್ರೇಸನ್ನು. ಆಮ್ಯಾಕೆ ದನಿ ಬರಾಕಿಲ್ಲ ಅಂದವ್ರೆ ಡಾಕ್ಟ್ರು. ಅಷ್ಟ್ರೊಳಗೆ ಅವ್ರ ಸೋಬಾನೆ ಹಿಡಿದಿಟ್ಕೋಬೇಕು, ಮಗಳ ಮದ್ವೆಗೆ."

ಹಳೆಯದರ ಮೇಲೆ ಹೊಸದು ರೆಕಾರ್ಡ್ ಆಗಲೆಂದು ಅಂಗಡಿಯವನು ಕ್ಯಾಸೆಟ್ಟಿನ ಅಂಚಿನ ಎರಡು ತೂತಿಗೂ ಗಮ್‌ಟೇಪ್ ಅಂಟಿಸಿದ. ಅಂಥ ತುಂಡುಗಳನ್ನು ಮೊದಲೇ ಕತ್ತರಿಸಿ ಮೇಜಿನ ಅಂಚಿಗೆ ಸಾಲಾಗಿ ಅಂಟಿಸಿಟ್ಟಿದ್ದ.

ಹೀಗೆ ಅಳಿಸುವುದಕ್ಕೆ ಬೇರೆ ಯಾರಾದರೂ ಕೊಳ್ಳುತ್ತಾರಾ ಎಂದೆ.

"ಅದಕ್ಕೇ ಸಾರ್ ಇಷ್ಟು ಹೋಗೋದು."